ಮೊದಲು ಕೈಗೆ ಕೆಲಸ, ಆಮೇಲೆ ಪ್ರಮಾಣಪತ್ರ

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಹೋಬಳಿ ಕೇಂದ್ರ. ಜಾತಿ, ಆದಾಯ ಪತ್ರಕ್ಕೆ ನಾಡಕಚೇರಿಗೆ, ಪಡಿತರಕ್ಕೆ ನ್ಯಾಯಬೆಲೆ ಅಂಗಡಿಗೆ, ಹಣಕ್ಕೆ ಬ್ಯಾಂಕಿಗೆ, ಹೀಗೆ ಜನ ಎಲ್ಲಿಗೆ ಹೋದರೂ ದೂರದ ಯಾವುದೋ ಕಂಪ್ಯೂಟರ್ ಉತ್ತರ ಕೊಟ್ಟರೆ ಮಾತ್ರ ಕೆಲಸ ಆಗುತ್ತದೆ. ಉತ್ತರ ಬಾರದ ದಿನ ರಾಜ್ಯದ ಯಾವ ಹೋಬಳಿಯಲ್ಲಾದರೂ ಕೇಳಿಬರುವ ಮಾತು ಒಂದೇ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಆದರೆ ಸರ್ವರ್ ಸರಿಯಾಗಿಯೇ ಇದ್ದಿರಬಹುದು. ಮೇಜಿನ ಕೆಳಗಿನ ಕೇಬಲ್ ಸಡಿಲವಾಗಿರಬಹುದು, ರಸ್ತೆ ಅಗೆದಾಗ ಫೈಬರ್ ತುಂಡಾಗಿರಬಹುದು, ರೌಟರ್‌ಗೆ ಮುಂದಿನ ದಾರಿ ಗೊತ್ತಿಲ್ಲದಿರಬಹುದು, ಹೆಸರನ್ನು ಐಪಿ ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಕೈಕೊಟ್ಟಿರಬಹುದು. ಇವುಗಳಲ್ಲಿ ಯಾವುದು ಎಂದು ಕ್ರಮವಾಗಿ ಹುಡುಕಿ ಸರಿಪಡಿಸುವುದೇ ನೆಟ್‌ವರ್ಕ್ ತಂತ್ರಜ್ಞರ ಕೆಲಸ. ಐಟಿಐ, ಡಿಪ್ಲೊಮಾ, ಬಿಸಿಎ ಮುಗಿಸಿದ ಈ ಭಾಗದ ಯುವಕ ಯುವತಿಯರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಆದರೆ ಹೆಚ್ಚಿನವರು ಅದನ್ನು ತಿರುವುಮುರುವಾಗಿ ಹಿಡಿಯುತ್ತಾರೆ. ಪ್ರಮಾಣಪತ್ರ ಸಿಕ್ಕಿದರೆ ಕೆಲಸ ಬರುತ್ತದೆ ಎಂದುಕೊಳ್ಳುತ್ತಾರೆ. ಕೆಲಸ ಬಲ್ಲವರಿಗೆ ಪ್ರಮಾಣಪತ್ರ ನೆರವಾಗುತ್ತದೆ ಎಂಬುದೇ ಹೆಚ್ಚು ನಿಜ.

ಪರೀಕ್ಷೆಯ ಸ್ವರೂಪವೇ ಇದಕ್ಕೆ ಸಾಕ್ಷಿ. ಆರಂಭದ ಹಂತದಲ್ಲಿ ಹೆಚ್ಚು ಹೆಸರಾದದ್ದು ನೆಟ್‌ವರ್ಕ್ ಸಲಕರಣೆ ತಯಾರಿಸುವ ಸಿಸ್ಕೊ ಕಂಪನಿ 1998ರಲ್ಲಿ ಶುರು ಮಾಡಿದ ಸಿಸಿಎನ್‌ಎ. 2020ರ ಫೆಬ್ರುವರಿಯಿಂದ ಅದು 120 ನಿಮಿಷಗಳ ಒಂದೇ ಪರೀಕ್ಷೆ. ಬರೆಯಲು ಪದವಿ ಬೇಕೆಂಬ ನಿಯಮವಿಲ್ಲ; ತೇರ್ಗಡೆಯಾದರೆ ಪತ್ರಕ್ಕೆ ಮೂರು ವರ್ಷದ ಮಾನ್ಯತೆ. ಪಠ್ಯದಲ್ಲಿ ನೆಟ್‌ವರ್ಕಿನ ಮೂಲಪಾಠಗಳಿಗೆ ಶೇ 20, ಸ್ವಿಚ್ ಮತ್ತು ವೈಫೈ ಜೋಡಣೆಗೆ ಶೇ 20, ಒಂದು ಜಾಲದಿಂದ ಇನ್ನೊಂದಕ್ಕೆ ದಾರಿ ತೋರುವ ರೌಟಿಂಗ್‌ಗೆ ಶೇ 25ರಷ್ಟು ತೂಕವಿದೆ. ಅಂದರೆ ಸುಮಾರು ಮೂರರಲ್ಲಿ ಎರಡು ಪಾಲು, ಕೈಯಾರೆ ಮಾಡಿದವರಿಗೆ ಮಾತ್ರ ಮನಸ್ಸಿನಲ್ಲಿ ನಿಲ್ಲುವ ವಿಷಯ. ಉಳಿದದ್ದು ಭದ್ರತೆ, ಐಪಿ ಸೇವೆಗಳು ಮತ್ತು ಸ್ವಯಂಚಾಲನೆ. ಕಾಂಪ್‌ಟಿಯಾ ಸಂಸ್ಥೆಯ ನೆಟ್‌ವರ್ಕ್ ಪ್ಲಸ್ ಪರೀಕ್ಷೆ ಯಾವ ಒಂದು ಕಂಪನಿಯ ಸಲಕರಣೆಗೂ ಅಂಟಿಕೊಂಡದ್ದಲ್ಲ. 90 ನಿಮಿಷದ ಆ ಪರೀಕ್ಷೆಯಲ್ಲೂ ಉತ್ತರ ಆರಿಸುವ ಪ್ರಶ್ನೆಗಳ ಜೊತೆಗೆ, ಮಾಡಿ ತೋರಿಸುವ ಪ್ರಶ್ನೆಗಳಿರುತ್ತವೆ.

ಮಾಡಿ ಕಲಿಯುವುದು ಎಂದರೇನೆಂಬುದಕ್ಕೆ ಉದಾಹರಣೆಯಾಗಿ, ತ್ಯಾಮಗೊಂಡ್ಲಿನಿಂದ ದೂರವಿಲ್ಲದ ದಾಬಸ್‌ಪೇಟೆಯ ಸೋಂಪುರ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಾಧಾರಣ ಕಾರ್ಖಾನೆ ಇದೆ ಎಂದುಕೊಳ್ಳೋಣ. ಅಲ್ಲಿ ಕಚೇರಿಯ ಕಂಪ್ಯೂಟರ್‌ಗಳು, ಸಿಸಿಟಿವಿ ಕ್ಯಾಮೆರಾಗಳು, ಹಾಜರಾತಿಯ ಬೆರಳಚ್ಚು ಯಂತ್ರಗಳು, ಬಂದುಹೋಗುವವರ ವೈಫೈ ಇರುತ್ತವೆ. ಎಲ್ಲವನ್ನೂ ಒಂದೇ ಜಾಲಕ್ಕೆ ಕಟ್ಟಿದರೆ, ಬಂದವರ ಫೋನಿನಲ್ಲಿರುವ ವೈರಸ್‌ಗೆ ಲೆಕ್ಕಪತ್ರದ ಕಂಪ್ಯೂಟರ್‌ವರೆಗೂ ದಾರಿ ತೆರೆದುಕೊಳ್ಳುತ್ತದೆ. ಆದ್ದರಿಂದ 192.168.10.0 ಜಾಲದ 256 ವಿಳಾಸಗಳನ್ನು 64ರಂತೆ ನಾಲ್ಕು ಪಾಲು ಮಾಡುತ್ತಾರೆ. ಪ್ರತಿ ಪಾಲಿನಲ್ಲೂ ಮೊದಲನೆಯದು ಜಾಲದ ಗುರುತಿಗೆ, ಕೊನೆಯದು ಎಲ್ಲರಿಗೂ ಒಟ್ಟಿಗೆ ಸಂದೇಶ ಕಳಿಸುವುದಕ್ಕೆ. ಬಳಕೆಗೆ ಉಳಿಯುವುದು 62. ಇದೇ ಕಲಿಯುವವರನ್ನು ಹೆದರಿಸುವ ಸಬ್‌ನೆಟ್ಟಿಂಗ್. ಸೂತ್ರವಾಗಿ ಉರು ಹೊಡೆದರೆ ವಾರದಲ್ಲಿ ಮರೆತುಹೋಗುತ್ತದೆ. ನಾಲ್ಕು ಪಾಲು ಯಾಕೆ ಬೇಕೆಂದು ತಿಳಿದು, ಸ್ವಿಚ್‌ನಲ್ಲಿ ನಾಲ್ಕು ವಿಲ್ಯಾನ್ (ಒಂದೇ ಸ್ವಿಚ್‌ನೊಳಗಿನ ಪ್ರತ್ಯೇಕ ಜಾಲಗಳು) ಕಟ್ಟಿ, ಕ್ಯಾಮೆರಾದಿಂದ ಕಚೇರಿಗೆ, ಸಂಪರ್ಕ ಇದೆಯೇ ಎಂದು ನೋಡುವ ಪಿಂಗ್ ಸಂದೇಶ ಹೋಗದಂತೆ ತಡೆದು ನೋಡಿದವರಿಗೆ ಮರೆಯುವುದಿಲ್ಲ. ಇದಕ್ಕೆಲ್ಲ ಸಲಕರಣೆ ಕೊಳ್ಳಬೇಕಾಗಿಯೂ ಇಲ್ಲ. ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಕಂಪ್ಯೂಟರ್‌ನಲ್ಲೇ ರೌಟರ್, ಸ್ವಿಚ್‌ಗಳನ್ನು ಕಟ್ಟಿಕೊಡುತ್ತದೆ. ವೈರ್‌ಶಾರ್ಕ್ ತಂತಿಯಲ್ಲಿ ಹರಿಯುವ ಮಾಹಿತಿಯ ತುಣುಕುಗಳಾದ ಪ್ಯಾಕೆಟ್‌ಗಳನ್ನು ಬಿಡಿಸಿ ತೋರಿಸುತ್ತದೆ. ಎರಡೂ ಉಚಿತ.

ಹಣದ ಲೆಕ್ಕವೂ ಇದನ್ನೇ ಹೇಳುತ್ತದೆ. ಸಿಸಿಎನ್‌ಎ ಶುಲ್ಕ 300 ಡಾಲರ್. ತೆರಿಗೆ ಬಿಟ್ಟರೂ ಇಪ್ಪತ್ತೈದು ಸಾವಿರ ರೂಪಾಯಿಗೆ ಕಡಿಮೆಯಾಗದು. ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ಡಿಪ್ಲೊಮಾ ಮುಗಿಸಿದ ನಿರುದ್ಯೋಗಿಗೆ ನಿಗದಿಯಾದ ಭತ್ಯೆ ತಿಂಗಳಿಗೆ 1,500 ರೂಪಾಯಿ; ಒಂದು ಪರೀಕ್ಷೆಗೆ ಹದಿನಾರು ತಿಂಗಳ ಭತ್ಯೆಯೂ ಸಾಲದು. ಇಷ್ಟು ಹಣ ಹೋಗುವ ಭಯವೇ ಹುಡುಗರನ್ನು ಅಡ್ಡದಾರಿಗೆ, ಅಂದರೆ ಕದ್ದ ಪ್ರಶ್ನೆಗಳ ‘ಡಂಪ್’ ಬಾಯಿಪಾಠಕ್ಕೆ ತಳ್ಳುತ್ತದೆ. ಅದು ಪರೀಕ್ಷೆಯ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗಬಹುದು. ಸಿಕ್ಕಿಬೀಳದಿದ್ದರೂ ಸಂದರ್ಶನದಲ್ಲಿ ‘ಈ ಕಂಪ್ಯೂಟರ್‌ಗೆ ಇಂಟರ್ನೆಟ್ ಬರುತ್ತಿಲ್ಲ, ಎಲ್ಲಿಂದ ಶುರು ಮಾಡುತ್ತೀಯ?’ ಎಂಬ ಮೊದಲ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. ಅಭ್ಯಾಸ ಮೊದಲು ಮಾಡಿದವರು ಶುಲ್ಕ ಕಟ್ಟುವ ಮುನ್ನವೇ ತಾವು ಎಲ್ಲಿದ್ದೇವೆಂದು ತಿಳಿದಿರುತ್ತಾರೆ. ‘ನೂರಕ್ಕೆ ನೂರು ಉದ್ಯೋಗ ಖಾತ್ರಿ’ ಎಂದು ಮುಂಗಡ ಕೇಳುವ ತರಬೇತಿ ಕೇಂದ್ರಗಳಲ್ಲಿ, ದಿನಕ್ಕೆ ಎಷ್ಟು ಹೊತ್ತು ಲ್ಯಾಬ್ ಸಿಗುತ್ತದೆ ಎಂದು ಮೊದಲು ವಿಚಾರಿಸಬೇಕು.

ಕ್ಲೌಡ್ ಬಂತು, ಎಐ ಬಂತು, ಇನ್ನು ಈ ಕೆಲಸ ಎಲ್ಲಿ ಉಳಿದೀತು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಒಂದೇ ಬಗೆಯ ಆದೇಶವನ್ನು ನೂರು ಸ್ವಿಚ್‌ಗೆ ಟೈಪ್ ಮಾಡುವ ಕೆಲಸವನ್ನು ಸಾಫ್ಟ್‌ವೇರ್ ಈಗಾಗಲೇ ಮಾಡುತ್ತಿದೆ. 2024ರಲ್ಲಿ ಪರಿಷ್ಕರಿಸಿದ ಸಿಸಿಎನ್‌ಎ ಪಠ್ಯಕ್ಕೆ ಎಐ ಕೂಡ ಸೇರಿತು. ಆದರೆ ಕ್ಲೌಡ್‌ನೊಳಗೂ ವಿಳಾಸ, ಸಬ್‌ನೆಟ್, ರೌಟಿಂಗ್ ಇದ್ದೇ ಇವೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಕಾಲ ಜಗತ್ತಿನಾದ್ಯಂತ ನಿಂತುಹೋದದ್ದು ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ. ಕಂಪನಿಯ ಒಳಜಾಲದ ಸಂಪರ್ಕ ಕಡಿದು, ಅದರ ಡಿಎನ್‌ಎಸ್ ಸರ್ವರ್‌ಗಳಿಗೆ ದಾರಿ ತೋರುವ ಮಾಹಿತಿ ಇಂಟರ್ನೆಟ್‌ನಿಂದಲೇ ಮರೆಯಾಯಿತು. ತಪ್ಪು ಆದೇಶವನ್ನು ತಡೆಯಬೇಕಿದ್ದ ಸಾಫ್ಟ್‌ವೇರ್ ತಡೆಯಲಿಲ್ಲ. ಕೊನೆಗೆ ಎಂಜಿನಿಯರುಗಳೇ ಡೇಟಾ ಸೆಂಟರ್‌ಗೆ ಹೋಗಿ ಸರಿಪಡಿಸಬೇಕಾಯಿತು. ಯಂತ್ರಗಳು ಹೆಚ್ಚಿದಷ್ಟೂ, ಅವು ಮಾಡಿದ್ದು ಸರಿಯೇ ಎಂದು ಹೇಳಬಲ್ಲ ತಳಪಾಯದ ತಿಳಿವಳಿಕೆಗೆ ಬೆಲೆ ಹೆಚ್ಚುತ್ತದೆ.

ಬಿಇ ಇಲ್ಲದವರನ್ನು ಯಾರು ಸೇರಿಸಿಕೊಳ್ಳುತ್ತಾರೆ, ಇಂಗ್ಲಿಷ್ ಬಾರದವರ ಗತಿಯೇನು ಎಂಬ ಅಳುಕೂ ಸಹಜ. ಪದವಿ ಇಲ್ಲದ ಅರ್ಜಿಯನ್ನು ಬದಿಗಿಡುವ ಕಂಪನಿಗಳಿವೆ. ಹಾಗೆಂದು ನೆಟ್‌ವರ್ಕ್ ಇರುವುದು ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಮಾತ್ರವಲ್ಲ. ಫೈಬರ್ ಸಂಪರ್ಕ ಕೊಡುವವರು, ಆಸ್ಪತ್ರೆಗಳು, ಕಾಲೇಜುಗಳು, ದೊಡ್ಡಬಳ್ಳಾಪುರದ ಕಾರ್ಖಾನೆಗಳು, ದೇವನಹಳ್ಳಿಯ ವಿಮಾನ ನಿಲ್ದಾಣ, ಎಲ್ಲ ಕಡೆಯೂ ಕೇಬಲ್ ಎಳೆಯುವುದರಿಂದ ಹಿಡಿದು ದೋಷ ಹುಡುಕುವವರೆಗೆ ಕೆಲಸವಿದೆ. ಮೊದಲ ಸಂಬಳ ಸಣ್ಣದಿರಬಹುದು, ರಾತ್ರಿ ಪಾಳಿ ಬರಬಹುದು; ಇದನ್ನು ತರಬೇತಿಗೆ ಸೇರುವ ಮೊದಲೇ ಮನೆಯವರಿಗೂ ಹೇಳಿರಬೇಕು. ಸಿಸಿಎನ್‌ಎ ಕನ್ನಡದಲ್ಲಿ ಇಲ್ಲ, ಇಂಗ್ಲಿಷ್‌ನಲ್ಲೇ ಬರೆಯಬೇಕು. ಆದರೆ ಪ್ಯಾಕೆಟ್ ಎಲ್ಲಿ ನಿಂತಿತು ಎಂದು ಕನ್ನಡದಲ್ಲಿ ಯೋಚಿಸಿ, ಗೆಳೆಯರಿಗೆ ಕನ್ನಡದಲ್ಲೇ ವಿವರಿಸಿ, ಆಮೇಲೆ ಅದನ್ನೇ ನಾಲ್ಕು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ರೂಢಿಸಿಕೊಂಡರೆ, ಪರೀಕ್ಷೆಗೂ ಕೆಲಸಕ್ಕೂ ಬೇಕಾಗುವಷ್ಟು ಇಂಗ್ಲಿಷ್ ಕೈಗೆ ಬರುತ್ತದೆ.

ಹಾಗಾಗಿ ದಾರಿ ಹೀಗಿರಲಿ. ಮೊದಲ ಕೆಲವು ತಿಂಗಳು ದಿನವೂ ಲ್ಯಾಬ್. ಮಾಡಿದ ಪ್ರತಿ ಜಾಲದ ನಕ್ಷೆ, ಕಂಡ ದೋಷ, ಸರಿಪಡಿಸಿದ ಬಗೆ ಒಂದು ನೋಟ್‌ಬುಕ್ಕಿನಲ್ಲಿ. ಆ ನೋಟ್‌ಬುಕ್ ಹಿಡಿದು ಹತ್ತಿರದ ಕಡೆ ಸಣ್ಣ ಕೆಲಸಕ್ಕೆ ಪ್ರಯತ್ನ. ಶುಲ್ಕವನ್ನು ಸಾಧ್ಯವಾದರೆ ಮೊದಲ ಸಂಬಳಗಳಿಂದಲೇ ಕಟ್ಟಲಿ. ಮನೆಯವರು ಸಾಲ ಮಾಡುವುದು ಬೇಡ. ತಾಲ್ಲೂಕಿನ ಐಟಿಐ, ಕಾಲೇಜುಗಳು ಬಳಕೆ ಬಿಟ್ಟ ನಾಲ್ಕು ಸ್ವಿಚ್‌ಗಳನ್ನು ಮೂಲೆಯಿಂದ ತೆಗೆದು ಸಂಜೆ ವೇಳೆ ಲ್ಯಾಬ್ ತೆರೆದಿಟ್ಟರೆ, ಹಳ್ಳಿಯ ಮಕ್ಕಳು ಕಲಿಯಲು ಬೆಂಗಳೂರಿನಲ್ಲಿ ರೂಮು ಮಾಡಬೇಕಾದ ಖರ್ಚೂ ಉಳಿಯುತ್ತದೆ. ಮೂರು ವರ್ಷಕ್ಕೆ ಪ್ರಮಾಣಪತ್ರದ ಅವಧಿ ಮುಗಿಯುತ್ತದೆ. ದೋಷ ಹುಡುಕಲು ಕಲಿತದ್ದು ಅಲ್ಲಿಂದಾಚೆಗೂ ಅನ್ನ ಕೊಡುತ್ತದೆ. ಹಣ ಮತ್ತು ಹೊತ್ತು ಮೊದಲು ಸಲ್ಲಬೇಕಾದದ್ದು ಅದಕ್ಕೆ.