ಮನೆ ಮಾರಾಟಕ್ಕೆ ವರ್ಚುವಲ್ ಟೂರ್: ಎಷ್ಟು ಪ್ರಯೋಜನ?

ಮಂಗಳೂರಿನ ಫ್ಲ್ಯಾಟನ್ನು ದುಬೈಯಲ್ಲೋ ಜಿದ್ದಾದಲ್ಲೋ ಇರುವವರು ಕೊಳ್ಳುವುದು ಕರಾವಳಿಯವರಾದ ನಮಗೆ ಹೊಸ ವಿಷಯವಲ್ಲ. ನಮ್ಮಲ್ಲಿ ಅನೇಕರ ತಂದೆ, ಅಣ್ಣ ಅಥವಾ ಮಾವ ಗಲ್ಫ್‌ನಲ್ಲಿ ದುಡಿಯುತ್ತಿದ್ದಾರೆ. ವರ್ಷಕ್ಕೋ ಎರಡು ವರ್ಷಕ್ಕೋ ಸಿಗುವ ಸಣ್ಣ ರಜೆಯಲ್ಲಿ ಹತ್ತು ಮನೆಗಳನ್ನು ಸುತ್ತಿ ನೋಡಲು ಅವರಿಗೆ ಸಮಯ ಸಿಗುವುದಿಲ್ಲ. ಅಂಥವರಿಗೆ ಬಿಲ್ಡರುಗಳು ಮತ್ತು ಬ್ರೋಕರುಗಳು ಈಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಲಿಂಕ್ ಕಳುಹಿಸುತ್ತಾರೆ. ಅದನ್ನು ತೆರೆದರೆ ಬೆರಳಾಡಿಸಿದ ಕಡೆಗೆ ಹಾಲ್, ಅಡುಗೆಮನೆ, ಬಾಲ್ಕನಿ ಎಲ್ಲವೂ ಕಾಣುತ್ತವೆ. ಇದೇ ವರ್ಚುವಲ್ ಟೂರ್. 2020ರ ಲಾಕ್‌ಡೌನ್ ಕಾಲದಲ್ಲಿ ಜನ ಹೊರಗೆ ಬರುವಂತಿಲ್ಲದಾಗ ಇದರ ಬಳಕೆ ಹೆಚ್ಚಾಯಿತು. ಇದರಿಂದ ಮಾರುವವರಿಗೆ ನಿಜವಾಗಿ ಲಾಭವಿದೆಯೇ? ಕೊಳ್ಳುವವರು ಇದನ್ನು ಎಷ್ಟು ನಂಬಬಹುದು?

ಟೂರ್‌ನಲ್ಲಿ ಎರಡು ಬಗೆ

ಮೊದಲನೆಯದು ಕಟ್ಟಿ ಮುಗಿದ ಮನೆಯದು. ಕಣ್ಣಿನ ಎತ್ತರದಲ್ಲಿ 360 ಡಿಗ್ರಿ ಕ್ಯಾಮರಾ ಇಟ್ಟು, ಕೆಲವು ಹೆಜ್ಜೆಗೊಮ್ಮೆ ಸುತ್ತಲಿನ ಚಿತ್ರ ತೆಗೆಯುತ್ತಾರೆ. ಸಾಫ್ಟ್‌ವೇರ್ ಆ ಚಿತ್ರಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಕೆಲವು ಉಪಕರಣಗಳು ಬೆಳಕಿನ ಕಿರಣಗಳಿಂದ ಗೋಡೆಗಳ ದೂರವನ್ನೂ ಅಳೆಯುತ್ತವೆ.

ಎರಡನೆಯದು ಇನ್ನೂ ಕಟ್ಟದ ಮನೆಯದು. ಇದರಲ್ಲಿ ಕ್ಯಾಮರಾವೇ ಇರುವುದಿಲ್ಲ. ನಕ್ಷೆಯನ್ನು ನೋಡಿ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ ಅದು. ಕಿಟಕಿಯಾಚೆಯ ಹಸಿರು, ಸೋಫಾದ ಮೇಲೆ ಬೀಳುವ ಬಿಸಿಲು ಎಲ್ಲವೂ ಕಲಾವಿದನ ಕಲ್ಪನೆ. ಮೊದಲನೆಯದು ಇರುವ ಮನೆಯ ಚಿತ್ರ, ಎರಡನೆಯದು ಬರೀ ಒಂದು ಭರವಸೆ. ಟೂರ್ ನೋಡುವ ಮೊದಲು ಅದು ಯಾವ ಬಗೆಯದೆಂದು ಕೇಳಬೇಕು.

ಮಾರುವವರಿಗೆ ಲಾಭವೇನು?

ದೊಡ್ಡ ಲಾಭವೆಂದರೆ ವ್ಯರ್ಥ ಭೇಟಿಗಳು ಕಡಿಮೆಯಾಗುವುದು. ಅಡುಗೆಮನೆ ಚಿಕ್ಕದೆಂದು ಕಂಡವರು ಅಲ್ಲೇ ಬೇಡವೆಂದು ಬಿಡುತ್ತಾರೆ. ಟೂರ್ ನೋಡಿದ ನಂತರವೂ ಬರುವವರು ನಿಜವಾಗಿ ಆಸಕ್ತಿಯುಳ್ಳವರು. ಕುಟುಂಬ ವಾಸವಿರುವ ಮನೆಗೆ ದಿನವೂ ಅಪರಿಚಿತರು ಬಂದು ಕೋಣೆ ಕೋಣೆ ನೋಡುವುದು ತಪ್ಪಿದರೆ ಮನೆಯ ಹೆಂಗಸರಿಗೂ ನೆಮ್ಮದಿ. ಆದರೆ ಚಿತ್ರ ತೆಗೆಯುವ ಮೊದಲು ಕುಟುಂಬದ ಫೋಟೊ, ಮಕ್ಕಳ ಶಾಲೆಯ ಹೆಸರು, ಕಪಾಟು, ಲಾಕರ್ ಕಾಣದಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಬಾಗಿಲು ಮುಚ್ಚಿದ್ದರೂ ಮನೆ ಊರಿಗೆಲ್ಲ ತೆರೆದಂತೆಯೇ.

ಕೊಳ್ಳುವವರು ದೂರದಲ್ಲಿದ್ದರೆ ಟೂರ್‌ಗೆ ಮಾಡಿದ ಖರ್ಚು ಸಾರ್ಥಕ. ಪಕ್ಕದ ಬೀದಿಯವರೇ ಕೊಳ್ಳಬಹುದಾದ ಚಿಕ್ಕ ಮನೆಗೆ ಸ್ಪಷ್ಟವಾದ ಫೋಟೊಗಳು ಮತ್ತು ಅಳತೆ ಬರೆದ ನಕ್ಷೆ ಸಾಕು. ‘ಟೂರ್ ಇರುವ ಮನೆಗಳು ಬೇಗ ಮಾರಾಟವಾಗುತ್ತವೆ’ ಎಂದು ಟೂರ್ ತಯಾರಿಸುವವರು ಹೇಳುತ್ತಾರೆ. ಈ ಮಾತನ್ನು ತೂಗಿ ನೋಡಬೇಕು. ಟೂರ್‌ಗೆ ಹಣ ಹಾಕುವವರು ಸಾಮಾನ್ಯವಾಗಿ ಬಣ್ಣ, ದುರಸ್ತಿ, ಜಾಹೀರಾತಿಗೂ ಹಣ ಹಾಕುತ್ತಾರೆ. ಮನೆ ಬೇಗ ಮಾರಾಟವಾದದ್ದು ಯಾವುದರಿಂದ? ಸಂಖ್ಯಾಶಾಸ್ತ್ರ ಓದುವವರಿಗೆ ತಿಳಿದಂತೆ, ಎರಡು ಸಂಗತಿಗಳು ಜೊತೆಯಲ್ಲಿ ಕಂಡರೆ ಒಂದು ಇನ್ನೊಂದಕ್ಕೆ ಕಾರಣವೆಂದಾಗುವುದಿಲ್ಲ.

ಟೂರ್‌ನಲ್ಲಿ ಕಾಣದ್ದು

ಅಗಲ ಕೋನದ ಲೆನ್ಸ್‌ನಲ್ಲಿ ಹತ್ತಡಿಯ ಕೋಣೆಯೂ ಹಜಾರದಂತೆ ಕಾಣುತ್ತದೆ. ಇದು ಮೋಸವಲ್ಲ, ಲೆನ್ಸಿನ ಗುಣ. ಆದ್ದರಿಂದ ಕಣ್ಣನ್ನು ನಂಬದೆ ಅಳತೆಯನ್ನು ಕೇಳಬೇಕು. ಅದೂ ಸೂಪರ್ ಬಿಲ್ಟ್-ಅಪ್ ಅಳತೆಯಲ್ಲ, ಬಾಲ್ಕನಿ ಮತ್ತು ಹೊರಗೋಡೆಗಳನ್ನು ಬಿಟ್ಟ ಕಾರ್ಪೆಟ್ ಏರಿಯಾ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಜನವರಿಯಲ್ಲಿ ತೆಗೆದ ಟೂರ್‌ನಲ್ಲಿ ಜುಲೈಯಲ್ಲಿ ಒಸರುವ ಗೋಡೆ ಕಾಣುವುದಿಲ್ಲ. ಮೇ ತಿಂಗಳಲ್ಲಿ ಬಾವಿಯಲ್ಲಿ ನೀರಿರುತ್ತದೆಯೇ, ರಸ್ತೆಯಲ್ಲಿ ಆ್ಯಂಬುಲೆನ್ಸ್ ತಿರುಗುತ್ತದೆಯೇ, ಚರಂಡಿಯ ವಾಸನೆ ಇದೆಯೇ, ಇವೂ ತಿಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಮೇಲೆ ಸಾಲವಿದೆಯೇ, ದಾಖಲೆ ಸರಿಯಿದೆಯೇ ಎಂಬುದನ್ನು ಯಾವ ಕ್ಯಾಮರಾವೂ ತೋರಿಸದು.

ಕಾನೂನು ಮತ್ತು ಧರ್ಮ ಏನು ಹೇಳುತ್ತವೆ?

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರಿಗೆ ಕಾಣದ, ಆದರೆ ತನಗೆ ಗೊತ್ತಿರುವ ಮುಖ್ಯ ದೋಷಗಳನ್ನು ಮಾರುವವನು ತಿಳಿಸಬೇಕು. 2016ರ ರೇರಾ ಕಾಯ್ದೆಯ 12ನೇ ಕಲಮಿನಂತೆ, ಜಾಹೀರಾತಿನ ಸುಳ್ಳು ಮಾಹಿತಿಯನ್ನು ನಂಬಿ ಮುಂಗಡ ಕೊಟ್ಟವರು ಯೋಜನೆಯಿಂದ ಹಿಂದೆ ಸರಿದರೆ ಬಡ್ಡಿ ಸಹಿತ ಹಣ ವಾಪಸ್ ಪಡೆಯಬಹುದು. 13ನೇ ಕಲಮಿನಂತೆ, ನೋಂದಾಯಿತ ಮಾರಾಟ ಕರಾರು ಆಗುವ ಮೊದಲು ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ.

ಇಸ್ಲಾಮೀ ಫಿಕ್ಹ್‌ನಲ್ಲಿಯೂ ಈ ವಿಷಯ ಶತಮಾನಗಳ ಹಿಂದೆಯೇ ಚರ್ಚೆಯಾಗಿದೆ. ನೋಡದೆ ಕೊಂಡ ವಸ್ತುವನ್ನು ನೋಡಿದ ನಂತರ ಬೇಡವೆನ್ನುವ ಹಕ್ಕನ್ನು ಹನಫಿ ಮದ್‌ಹಬ್ ಕೊಡುತ್ತದೆ. ಇದಕ್ಕೆ ‘ಖಿಯಾರ್ ಅರ್ರುಅ್‌ಯಃ’ ಎನ್ನುತ್ತಾರೆ. ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಂತೆ, ಕಣ್ಣಾರೆ ನೋಡದ ವಸ್ತುವಿನ ಮಾರಾಟವೇ ಸಿಂಧುವಲ್ಲ. ಪರದೆಯ ಮೇಲೆ ನೋಡಿದ್ದು ನೋಡಿದಂತಾಗುವುದೇ ಎಂಬುದನ್ನು ಉಲಮಾಗಳನ್ನೇ ಕೇಳಬೇಕು. ಆದರೆ ನೋಡುವುದಕ್ಕೆ ಎಷ್ಟು ಮಹತ್ವವಿದೆ ಎಂಬುದಂತೂ ಇದರಿಂದ ಸ್ಪಷ್ಟ.

ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆದಿದೆ ಎಂದ ವ್ಯಾಪಾರಿಗೆ, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಕೇಳಿ, ವಂಚನೆಯ ವಿರುದ್ಧ ಕಠಿಣವಾಗಿ ಎಚ್ಚರಿಸಿದರು. ಹೊಸ ಬಣ್ಣದ ಕೆಳಗೆ ಒಸರುವ ಗೋಡೆಯನ್ನು ಬಚ್ಚಿಟ್ಟು ಟೂರ್ ತೆಗೆಯುವವರಿಗೂ ಈ ಹದೀಸ್ ಅನ್ವಯಿಸುತ್ತದೆ.

ಹಾಗಾದರೆ ಏನು ಮಾಡಬೇಕು?

ಒಂದು ಮನೆ ಬೇಡವೆನ್ನಲು ವರ್ಚುವಲ್ ಟೂರ್ ಸಾಕು. ಬೇಕು ಎನ್ನಲು ಅದು ಸಾಲದು. ಹತ್ತು ಮನೆಗಳನ್ನು ಎರಡಕ್ಕೆ ಇಳಿಸಲು ಟೂರ್ ಬಳಸಬಹುದು. ಉಳಿದ ಎರಡನ್ನು ನಂಬಿಕೆಯ ಒಬ್ಬರು ಹೋಗಿ ನೋಡಲೇಬೇಕು, ಸಾಧ್ಯವಾದರೆ ಮಳೆಗಾಲದಲ್ಲಿ. ಆ ಒಬ್ಬರು ನಾವೂ ಆಗಬಹುದು. ಮನೆಯ ಹಿರಿಯರ ಜೊತೆ ಅಳತೆ ಟೇಪ್ ಹಿಡಿದು ಹೋಗಿ, ನಲ್ಲಿ ತಿರುಗಿಸಿ, ಗೋಡೆಯ ಮೂಲೆ ಮುಟ್ಟಿ, ನೆರೆಯವರಲ್ಲಿ ನೀರಿನ ಬಗ್ಗೆ ವಿಚಾರಿಸಿ, ಅಲ್ಲಿಂದಲೇ ವಿಡಿಯೊ ಕರೆ ಮಾಡಿ ತಂದೆಗೆ ತೋರಿಸುವುದು ಕಷ್ಟವಲ್ಲ. ಕಾವೇರಿ ಆನ್‌ಲೈನ್‌ನಲ್ಲಿ ಋಣಭಾರ ಪ್ರಮಾಣಪತ್ರ ಪಡೆಯುವುದು, ಹೊಸ ಅಪಾರ್ಟ್‌ಮೆಂಟ್ ಆದರೆ ಕರ್ನಾಟಕ ರೇರಾದ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ನೋಡುವುದು ಕೂಡ ನಮ್ಮಿಂದ ಆಗುವ ಕೆಲಸವೇ. ದಾಖಲೆಗಳನ್ನು ಕೊನೆಗೆ ವಕೀಲರೊಬ್ಬರಿಗೆ ತೋರಿಸಬೇಕು.

ಮರುಭೂಮಿಯ ಬಿಸಿಲಿನಲ್ಲಿ ಹದಿನೈದು, ಇಪ್ಪತ್ತು ವರ್ಷ ದುಡಿದ ಹಣ ಒಂದು ಸಹಿಯಿಂದ ಕೈಬಿಡುತ್ತದೆ. ಆ ಸಹಿಗೆ ಮೊದಲು ಒಮ್ಮೆ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗಿ ಬರುವಷ್ಟು ಸಮಯ ಊರಿನಲ್ಲಿರುವ ನಮಗಿದೆ.