ಹಿಮಶಿಖರದಲ್ಲಿ ಹಿಂದಿರುಗುವ ವಿದ್ಯೆ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟದ ಮೂಲೆಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏರಿ, ಏದುಸಿರು ಬಿಡುತ್ತ ಪಿಸುಮಾತಿನ ಗ್ಯಾಲರಿಗೆ ಬಂದು ನಿಲ್ಲುತ್ತಾರೆ. ಜೊತೆಗೆ ಗೈಡ್ ಇದ್ದರೆ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳಿಸುತ್ತಾನೆ, ಆದಿಲಶಾಹಿಗಳ ಕಥೆ ಹೇಳುತ್ತಾನೆ. ಇಲ್ಲದಿದ್ದರೂ ನಷ್ಟವೇನಿಲ್ಲ, ತಪ್ಪಿಹೋಗುವುದು ಒಂದೆರಡು ಕಥೆ ಮಾತ್ರ. ಆದರೆ ಹಿಮ ಹೊದ್ದ ಎತ್ತರದ ಪರ್ವತದಲ್ಲಿ ಮಾರ್ಗದರ್ಶಿಯ ಕೆಲಸವೇ ಬೇರೆ. ಅಲ್ಲಿ ಆತನ ಮಾತು ಕೇಳುವುದಕ್ಕೂ ಕೇಳದಿರುವುದಕ್ಕೂ ನಡುವೆ ಇರುವುದು ಜೀವ.

ಇಂದು ಹಣ ತೆತ್ತು ತಂಡವೊಂದನ್ನು ಸೇರಿ, ಮಾರ್ಗದರ್ಶಿಯ ಜೊತೆ ಹಿಮಾಲಯದ ಶಿಖರ ಏರಲು ಹೊರಡುವವರಲ್ಲಿ ಕನ್ನಡಿಗರೂ ಇದ್ದಾರೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಇವರಿಗೆ ಗೊತ್ತಿಲ್ಲವೆಂದಲ್ಲ. ಆದರೆ ಹಣ ಕೊಟ್ಟ ಮೇಲೆ ಶಿಖರ ಸಿಕ್ಕಂತೆಯೇ ಎಂಬ ಭಾವನೆ ಮೂಡುವುದು ಸಹಜ. ಮಾರ್ಗದರ್ಶಿ ಎಂಬ ವೃತ್ತಿಯ ಇತಿಹಾಸ ಹೇಳುವುದು ಇದಕ್ಕೆ ತದ್ವಿರುದ್ಧವಾದ ಮಾತನ್ನು.

ಆಲ್ಪ್ಸ್ ಪರ್ವತಗಳಲ್ಲಿ ಸುಮಾರು 4,800 ಮೀಟರ್ ಎತ್ತರದ ಮಾಂಟ್ ಬ್ಲಾಂಕ್ ಶಿಖರವಿದೆ. 51 ಮೀಟರ್ ಎತ್ತರದ ಗೋಳಗುಮ್ಮಟಗಳನ್ನು ಒಂದರ ಮೇಲೊಂದು ಇಟ್ಟರೆ ತೊಂಬತ್ತಕ್ಕೂ ಹೆಚ್ಚು ಬೇಕು. 1786ರಲ್ಲಿ ಶಮೊನಿ ಎಂಬ ಹಳ್ಳಿಯ ವೈದ್ಯ ಮಿಶೆಲ್ ಪಕಾರ್ ಮತ್ತು ಹರಳು ಹುಡುಕಿ ಮಾರುತ್ತಿದ್ದ ಜಾಕ್ ಬಾಲ್ಮಾ ಅದನ್ನು ಮೊದಲ ಬಾರಿಗೆ ಏರಿದರು. ಆಮೇಲೆ ದೂರದೂರದ ಸಿರಿವಂತರು, ವಿದ್ವಾಂಸರು ಬರತೊಡಗಿದರು. ಬೆಟ್ಟ ಬಲ್ಲ ಹಳ್ಳಿಗರಿಗೆ ದಾರಿ ತೋರುವುದೇ ಒಂದು ಕಸುಬಾಯಿತು.

1820ರ ಆಗಸ್ಟ್‌ನಲ್ಲಿ ಡಾ. ಹ್ಯಾಮೆಲ್ ಎಂಬ ರಷ್ಯದ ವಿಜ್ಞಾನಿಯ ತಂಡ ಹೊರಟಿತು. ನಡುದಾರಿಯಲ್ಲಿ ಬಿರುಗಾಳಿ ಎದುರಾಗಿ ತಂಡ ಬಂಡೆಗಳ ಆಸರೆಯಲ್ಲಿ ತಂಗಬೇಕಾಯಿತು. ಆಕಾಶ ತಿಳಿಯಾದಾಗ ತಂಡದವರಲ್ಲೊಬ್ಬ ಮುಂದೆ ಬರಲೊಲ್ಲೆ ಎಂದು ಅಲ್ಲಿಯೇ ಉಳಿದ. ಉಳಿದವರು ಹೊಸದಾಗಿ ಬಿದ್ದ ಹಿಮದ ಮೇಲೆ ನಡೆದರು. ಆ ಹಿಮ ಜಾರಿತು. ಮುಂದೆ ನಡೆಯುತ್ತಿದ್ದ ಮೂವರು ಮಾರ್ಗದರ್ಶಿಗಳು ಬಿರುಕಿನೊಳಗೆ ಹೂತುಹೋದರು. ಹಣ ತೆತ್ತು ಬಂದವರು ಬದುಕಿದರು. ದಾರಿ ತೋರಿದವರು ಸತ್ತರು.

ಮರುವರ್ಷ, 1821ರಲ್ಲಿ, ಶಮೊನಿಯ ಮಾರ್ಗದರ್ಶಿಗಳು ಸಂಘ ಕಟ್ಟಿಕೊಂಡರು. ಕೆಲಸವನ್ನು ಸರದಿಯ ಮೇಲೆ ಹಂಚುವುದು, ಆಪತ್ತಿಗೀಡಾದವರ ಕುಟುಂಬಗಳಿಗೆ ನೆರವಾಗುವುದು ಅದರ ನಿಯಮಗಳಾದವು. ಆ ಸಂಘ ಇಂದಿಗೂ ಇದೆ. ಸತ್ತ ಮೂವರ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಹೆಸರೇ ಹೇಳುವಂತೆ ಹಿಮನದಿ ನಿಂತ ಮಂಜುಗಡ್ಡೆಯಲ್ಲ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಜಾರಿನಲ್ಲಿ ಹರಿಯುವ ನದಿ. ಸುಮಾರು ನಲವತ್ತು ವರ್ಷಗಳಲ್ಲಿ ಅವರ ಅವಶೇಷಗಳು ಕೆಳಗೆ ಕಾಣಿಸಿಕೊಳ್ಳಬಹುದೆಂದು ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಫೋರ್ಬ್ಸ್ ಲೆಕ್ಕ ಹಾಕಿದ್ದರು. 1861ರಲ್ಲಿ ಹಿಮನದಿಯ ತುದಿಯಲ್ಲಿ ಅವು ಹೊರಬಂದವು.

ಹೀಗೆ ಹರಿಯುವಾಗ ಹಿಮನದಿ ಅಲ್ಲಲ್ಲಿ ಸೀಳುತ್ತದೆ. ಸೀಳಿನ ಮೇಲೆ ಹೊಸ ಹಿಮ ಬಿದ್ದು ಮುಚ್ಚಿದರೆ ಮೇಲಿನಿಂದ ಗೊತ್ತಾಗುವುದಿಲ್ಲ. ಆದ್ದರಿಂದಲೇ ಏರುವವರು ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು, ಬೂಟಿಗೆ ಉಕ್ಕಿನ ಮುಳ್ಳುಗಳ ಅಟ್ಟೆ ಬಿಗಿದು, ಅಂತರ ಬಿಟ್ಟು ಸಾಲಾಗಿ ನಡೆಯುತ್ತಾರೆ. ಒಬ್ಬ ಬಿದ್ದರೆ ಉಳಿದವರು ತಡೆದು ಹಿಡಿಯಬೇಕು. ಇರುಳಿನ ಚಳಿಯಲ್ಲಿ ಹಿಮ ಗಟ್ಟಿಯಾಗಿರುತ್ತದೆ. ಬಿಸಿಲೇರಿದಂತೆ ಮೆತ್ತಗಾಗಿ ಕುಸಿಯತೊಡಗುತ್ತದೆ. ಅದಕ್ಕಾಗಿ ನಡುರಾತ್ರಿಯಲ್ಲೇ ಹೊರಟು, ಮಧ್ಯಾಹ್ನದೊಳಗೆ ಇಳಿದುಬಿಡುವುದು ವಾಡಿಕೆ.

ಇನ್ನು ಗಾಳಿಯ ಮಾತು. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಬಯಲು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಉಸಿರಾಟ ಸಲೀಸು. 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎಂಬುದು ವೈದ್ಯರ ಸಲಹೆ. ಅವಸರಪಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು. ಮಿದುಳಿಗೆ ಆಮ್ಲಜನಕ ಸಾಲದಾದಾಗ ಮಂಕಾಗುವುದು ವಿವೇಚನೆ. ತನಗೆ ಅಪಾಯವಿದೆ ಎಂಬುದನ್ನೇ ಮನುಷ್ಯ ಗುರುತಿಸಲಾರ. ಅವನ ಪರವಾಗಿ ವಿವೇಚಿಸಲು ಇನ್ನೊಬ್ಬ ಬೇಕು. ಮಾರ್ಗದರ್ಶಿಗೆ ಕೊಡುವ ಹಣದ ನಿಜವಾದ ಅರ್ಥ ಇದು.

ಆ ವಿವೇಚನೆಯೂ ಕೈಕೊಡಬಹುದು ಎಂಬುದನ್ನು 1996ರ ಮೇ 10ರ ಎವರೆಸ್ಟ್ ದುರಂತ ತೋರಿಸಿತು. ಮಧ್ಯಾಹ್ನ ಎರಡು ಗಂಟೆಯೊಳಗೆ ಶಿಖರ ಸೇರದವರು ಹಿಂದಿರುಗಬೇಕೆಂಬ ಗಡುವನ್ನು ಆ ದಿನ ಹಲವರು ಮೀರಿದರು. ಸಂಜೆ ಬಿರುಗಾಳಿ ಎದ್ದಿತು. ಸತ್ತ ಎಂಟು ಮಂದಿಯಲ್ಲಿ ಹಣ ಪಡೆದು ಜನರನ್ನು ಕರೆದೊಯ್ದಿದ್ದ ಎರಡು ತಂಡಗಳ ಹೆಸರಾಂತ ನಾಯಕರೂ ಇದ್ದರು. 2014ರ ಏಪ್ರಿಲ್‌ನಲ್ಲಿ ಅದೇ ಎವರೆಸ್ಟ್‌ನ ಕುಂಭು ಹಿಮನದಿಯಲ್ಲಿ ಇತರರಿಗಾಗಿ ದಾರಿ ಸಿದ್ಧಪಡಿಸಿ ಸಾಮಾನು ಸಾಗಿಸುತ್ತಿದ್ದ ನೇಪಾಳದ 16 ಮಂದಿ ಹಿಮಕುಸಿತಕ್ಕೆ ಬಲಿಯಾದರು. ಅವರಲ್ಲಿ ಹೆಚ್ಚಿನವರು ಶೆರ್ಪಾಗಳು. 1820ರ ಕಥೆ ಮತ್ತೆ ನಡೆದಂತಾಯಿತು.

ಕರ್ನಾಟಕದ ಮನೆಗಳಿಗೂ ಈ ದುಃಖ ತಟ್ಟಿದೆ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದ ಬಳಿ ಹಿಮಕುಸಿತವಾಗಿ, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಶಿಕ್ಷಕರೂ ಶಿಕ್ಷಣಾರ್ಥಿಗಳೂ ಸೇರಿ 29 ಮಂದಿ ತೀರಿಕೊಂಡರು. ಅವರಲ್ಲಿ ಕನ್ನಡ ನಾಡಿನವರೂ ಇದ್ದರು. 2024ರ ಜೂನ್ ಮೊದಲ ವಾರ ಅದೇ ಸೀಮೆಯ ಸಹಸ್ರತಾಲ್ ಸರೋವರದ ಚಾರಣಕ್ಕೆ ಹೋದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿ, ಕರ್ನಾಟಕದ ಒಂಬತ್ತು ಮಂದಿ ಜೀವ ಕಳೆದುಕೊಂಡರು. ಅಲ್ಲಿ ಶಿಖರವನ್ನೇನೂ ಏರಬೇಕಿರಲಿಲ್ಲ. ತಂಡದ ಜೊತೆ ಸ್ಥಳೀಯ ಮಾರ್ಗದರ್ಶಿಗಳೂ ಇದ್ದರು. ಮಾರ್ಗದರ್ಶಿ ಇದ್ದಾನೆಂದರೆ ಅಪಾಯವಿಲ್ಲವೆಂದಲ್ಲ ಎಂಬುದಕ್ಕೆ ಇದಕ್ಕಿಂತ ಕಹಿಯಾದ ನಿದರ್ಶನ ಬೇಕಿಲ್ಲ.

ಹಾಗೆಂದು ಬೆಟ್ಟಕ್ಕೆ ಬೆನ್ನು ತಿರುಗಿಸಬೇಕೆ? ಬೇಕಿಲ್ಲ. ಕಲಿತು ಹೋಗಬೇಕು. ತೇನ್‌ಸಿಂಗ್ 1953ರಲ್ಲಿ ಹಿಲರಿಯೊಡನೆ ಎವರೆಸ್ಟ್ ಏರಿದ ಮರುವರ್ಷವೇ ಡಾರ್ಜಿಲಿಂಗ್‌ನಲ್ಲಿ ಪರ್ವತಾರೋಹಣ ಶಾಲೆ ಆರಂಭವಾಯಿತು. ತೇನ್‌ಸಿಂಗ್ ಅಲ್ಲಿ ಗುರುವಾದರು. 1965ರಲ್ಲಿ ಉತ್ತರಕಾಶಿಯ ಸಂಸ್ಥೆ ಹುಟ್ಟಿತು. ಇಂಥಲ್ಲಿನ ಸುಮಾರು ನಾಲ್ಕು ವಾರಗಳ ಮೊದಲ ಹಂತದ ಶಿಬಿರದಲ್ಲಿ ಹಗ್ಗ ಕಟ್ಟುವುದರಿಂದ ಹಿಡಿದು ಜಾರಿದಾಗ ಹಿಮಗೊಡಲಿ ಊರಿ ನಿಲ್ಲುವವರೆಗೆ ಎಲ್ಲವನ್ನೂ ಕಲಿಸುತ್ತಾರೆ. ವಿಜಯಪುರದವರಿಗೆ ಬಂಡೆ ಏರುವ ಮೊದಲ ಅಭ್ಯಾಸಕ್ಕೆ ಬಾದಾಮಿಯ ಕೆಂಪು ಮರಳುಗಲ್ಲಿನ ಕೋಡುಗಳು ನೆರೆಯ ಜಿಲ್ಲೆಯಲ್ಲೇ ಇವೆ. ಹಿಮದ ಪಾಠಕ್ಕೆ ಮಾತ್ರ ಹಿಮಾಲಯಕ್ಕೇ ಹೋಗಬೇಕು.

ತಂಡ ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳೂ ಇವೆ. ಎಷ್ಟು ಮಂದಿಗೆ ಒಬ್ಬ ಮಾರ್ಗದರ್ಶಿ? ಯಾವ ರಾತ್ರಿ ಎಷ್ಟು ಎತ್ತರದಲ್ಲಿ ತಂಗುವುದು? ಹೊಂದಿಕೊಳ್ಳಲು ಬಿಡುವಿನ ದಿನಗಳಿವೆಯೇ? ಹೊರೆ ಹೊರುವವರಿಗೆ ಬೆಚ್ಚನೆಯ ಬಟ್ಟೆ, ವಿಮೆ ಇದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿರುಗುವ ಗಂಟೆ ಯಾವುದು, ಅದನ್ನು ಹೇಳುವವರು ಯಾರು? ಈ ಕೊನೆಯ ಪ್ರಶ್ನೆಗೆ ನೇರ ಉತ್ತರ ಸಿಗದ ತಂಡಕ್ಕೆ ಹಣ ಕೊಡದಿರುವುದೇ ಲೇಸು.

ಗೋಳಗುಮ್ಮಟ ಏರಿದವರಿಗೂ ಒಂದು ಅನುಭವ ಆಗಿರುತ್ತದೆ. ಹತ್ತುವಾಗ ಉತ್ಸಾಹವಿರುತ್ತದೆ, ಕಾಲು ನಡುಗುವುದು ಇಳಿಯುವಾಗ. ಹಿಮಶಿಖರಕ್ಕೂ ಈ ಮಾತು ಸಲ್ಲುತ್ತದೆ. ಅಲ್ಲಿ ತುದಿ ಮುಟ್ಟಿದಾಗ ಆಗಿರುವುದು ಅರ್ಧ ದಾರಿ ಮಾತ್ರ.