ಮಧುನಾಶಿನಿ: ಇಲಿಯಿಂದ ಮನುಷ್ಯನವರೆಗೆ

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟವು ಗಿಡಮೂಲಿಕೆಗಳಿಗೆ ಹೆಸರಾದುದು. ಮಧುಗಿರಿ, ಶಿರಾ, ಪಾವಗಡಗಳ ಮಧುಮೇಹಿ ಸದ್ಭಕ್ತರು ವಿಚಾರಿಸುವ ಮೂಲಿಕೆಗಳಲ್ಲಿ ಮಧುನಾಶಿನಿಯೂ ಒಂದು. ಇದರ ಎಲೆಯನ್ನು ಅಗಿದ ಬಳಿಕ ಕೆಲಹೊತ್ತು ಬೆಲ್ಲವೂ ಸಪ್ಪೆಯೆನಿಸುತ್ತದೆ. ಇದನ್ನೇ ರಕ್ತದ ಸಕ್ಕರೆ ಇಳಿದ ಗುರುತೆಂದು ನಂಬುವವರುಂಟು. ಮಂಕಾಗಿರುವುದು ನಾಲಗೆಯ ರುಚಿಯಷ್ಟೇ.

ರಕ್ತದ ಮೇಲಿನ ಪರಿಣಾಮವನ್ನು ಮದರಾಸಿನ ವಿಜ್ಞಾನಿಗಳು ಇಲಿಗಳಲ್ಲಿ ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದರು. ಸ್ಟ್ರೆಪ್ಟೋಜೋಟೋಸಿನ್ ಎಂಬ ರಾಸಾಯನಿಕದಿಂದ ಇಲಿಗಳ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಕೆಡಿಸಿ, ಬಳಿಕ ಎಲೆಯ ಸಾರವನ್ನು ಕುಡಿಸಲಾಯಿತು. ಒಂದು ಬಗೆಯ ಸಾರದಿಂದ 20 ದಿನಗಳಲ್ಲಿ, ಇನ್ನೊಂದರಿಂದ 60 ದಿನಗಳಲ್ಲಿ ಉಪವಾಸದ ಸಕ್ಕರೆ ಸಹಜಮಟ್ಟಕ್ಕೆ ಮರಳಿತು. ಆ ಮೂಕಜೀವಿಗಳು ತೆತ್ತ ಬೆಲೆ ಸಣ್ಣದಲ್ಲ.

ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಹಾಗೆಯೇ ನಡೆಯಲಿಲ್ಲ. ಅದೇ ವರ್ಷ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಎರಡನೆಯ ಬಗೆಯ ಮಧುಮೇಹವುಳ್ಳ 22 ರೋಗಿಗಳು ತಮ್ಮ ಮಾತ್ರೆಗಳೊಂದಿಗೇ ದಿನಕ್ಕೆ 400 ಮಿಲಿಗ್ರಾಂ ಸಾರವನ್ನು 18ರಿಂದ 20 ತಿಂಗಳು ಸೇವಿಸಿದರು. ಮಾತ್ರೆ ಬಿಡಲು ಸಾಧ್ಯವಾದುದು 5 ಮಂದಿಗೆ ಮಾತ್ರ. ಅವರು ಸೇವಿಸಿದ್ದಾದರೂ ಅಳೆದು ಕೊಟ್ಟ ಸಾರ. ಬೆಟ್ಟದಿಂದ ತಂದ ಹಿಡಿ ಎಲೆಗೆ ಅಂಥ ಅಳತೆಯೆಲ್ಲಿ?

ಆದ್ದರಿಂದ ವೈದ್ಯರನ್ನು ಕೇಳದೆ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ನಿಲ್ಲಿಸಬಾರದು. ಮಾತ್ರೆಯ ಜೊತೆಗೆ ಎಲೆಯನ್ನೂ ಸೇವಿಸುವವರು ಅದನ್ನು ವೈದ್ಯರಿಗೆ ತಿಳಿಸಿ, ಸಕ್ಕರೆ ಅತಿಯಾಗಿ ಇಳಿಯದಂತೆ ಆಗಾಗ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.